ಬಿ.ಎ. ಮಾಡಲು ಏನೇನು ಬೇಕು?

ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂತೆಂದರೆ ನಮ್ಮ ಮನೆಯ ಕಟ್ಟೆಗೆ ಪಾಲಕರು ಬರಲು ಶುರು. "ಗುರೂಜಿ, ಹುಡುಗಿನ್ನ ಬಿ.ಎ.ಗೆ ಹಚ್ಚಬೇಕಂತೀವ್ರಿ, ಏನೇನು ಬೇಕಾಗ್ತದ?" ಎಂದು ಕೇಳುತ್ತಾರೆ. ಕಾಗದಪತ್ರಗಳ ಹೆಸರು ಹೇಳುವುದು ಸುಲಭ. ಆದರೆ ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಕಾಣದ ಇನ್ನೊಂದು ಅರ್ಹತೆ ಇದೆ: ಮರಾಠಿಯಲ್ಲಿ ಹತ್ತು ಪುಟ ಉತ್ತರ ಬರೆಯುವ ಶಕ್ತಿ.

ಅಕ್ಕಲಕೋಟ ತಾಲೂಕಿನ ನಮ್ಮ ಮಕ್ಕಳಿಗೆ ಮರಾಠಿ ಬರುವುದಿಲ್ಲ ಎಂದಲ್ಲ. ಸೊಲ್ಲಾಪುರದ ಬಜಾರಿನಲ್ಲಿ ಮರಾಠಿ, ಹಿಂದಿ, ತೆಲುಗು ಎಲ್ಲವೂ ನಡೆಯುತ್ತದೆ. ಆದರೆ ಚೌಕಾಶಿ ಮಾಡುವ ಮರಾಠಿ ಬೇರೆ, ಅರ್ಥಶಾಸ್ತ್ರ ಬರೆಯುವ ಮರಾಠಿ ಬೇರೆ. ನಾವು 'ಹಣದುಬ್ಬರ' ಎಂದು ಕಲಿಸಿದ್ದು ಅಲ್ಲಿ 'ಚಲನವಾಢ' ಆಗುತ್ತದೆ, 'ಶಾಸಕಾಂಗ' ಹೋಗಿ 'ಕಾಯದೇಮಂಡಳ' ಬರುತ್ತದೆ. ಬಾಲಭಾರತಿಯವರು ಶಾಲೆಯ ಪುಸ್ತಕಗಳನ್ನು ಕನ್ನಡದಲ್ಲಿ ಕೊಡುತ್ತಾರೆ, ಅದಕ್ಕೆ ಋಣಿಗಳು. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ಕಲಮು ಮಾತೃಭಾಷೆಯ ಶಿಕ್ಷಣದ ಮಾತಾಡುವುದು ಪ್ರಾಥಮಿಕ ಹಂತದವರೆಗೆ ಮಾತ್ರ. ಮುಂದಿನದು ಮಗುವಿನ ನಸೀಬು.

ನಮ್ಮ ಶಿಷ್ಯೆಯೊಬ್ಬಳು ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಬಿಟ್ಟು ಬಂದಳು. "ಉತ್ತರ ಗೊತ್ತಿತ್ರಿ ಸರ್, ಬರಿಯಾಕ ಶಬ್ದ ಸಿಗಲಿಲ್ರಿ" ಎಂದಳು. ಹತ್ತನೆಯದರಲ್ಲಿ ಸಮಾಜವಿಜ್ಞಾನದಲ್ಲಿ ತರಗತಿಗೇ ಮುಂದಿದ್ದ ಹುಡುಗಿ ಅವಳು.

2004ರಲ್ಲಿ ಸೊಲ್ಲಾಪುರಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದಾಗ ನಾವೆಲ್ಲ ಖುಷಿಪಟ್ಟೆವು, ಕೊಲ್ಲಾಪುರದ ಹಾದಿ ತಪ್ಪಿತಲ್ಲ ಎಂದು. ಈಗ ಹೊಸ ಶಿಕ್ಷಣ ನೀತಿಯ ಲೆಕ್ಕ. ಯುಜಿಸಿ 2022ರ ಡಿಸೆಂಬರಿನಲ್ಲಿ ಹಾಕಿಕೊಟ್ಟ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ 160. ಮುಖ್ಯ ವಿಷಯ, ಉಪವಿಷಯ, ಕೌಶಲ್ಯ, ಮೌಲ್ಯಶಿಕ್ಷಣ, ಇಂಟರ್ನ್‌ಶಿಪ್ ಎಲ್ಲಕ್ಕೂ ಪಾಲಿದೆ. ಭಾಷೆಗೆ 8 ಕ್ರೆಡಿಟ್, ಇಂಗ್ಲಿಷ್ ಮತ್ತು ಆಧುನಿಕ ಭಾರತೀಯ ಭಾಷೆ ಸೇರಿ. ಕನ್ನಡವೂ ಆಧುನಿಕ ಭಾರತೀಯ ಭಾಷೆಯೇ ತಾನೆ!

ಇನ್ನೊಂದು ಮಾತು. ಪಾಠ ಇಂಗ್ಲಿಷಿನಲ್ಲಿದ್ದರೂ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ಕೊಡಿ ಎಂದು 2023ರ ಏಪ್ರಿಲಿನಲ್ಲಿ ಯುಜಿಸಿಯೇ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತು. ಅಕ್ಕಲಕೋಟದ ಹಳ್ಳಿಗಳಲ್ಲಿ ಸ್ಥಳೀಯ ಭಾಷೆ ಯಾವುದು? ಸಿದ್ಧರಾಮರು ವಚನ ಬರೆದ ಊರಿನಲ್ಲಿ, ಜಯದೇವಿತಾಯಿ ಲಿಗಾಡೆಯವರ ಊರಿನಲ್ಲಿ ಈ ಪ್ರಶ್ನೆ ಕೇಳಬೇಕಾಗಿ ಬಂತಲ್ಲ ಎಂಬುದೇ ನಮಗೆ ಸಂಕಟ.

"ಕಲಬುರಗಿಗೋ ವಿಜಯಪುರಕ್ಕೋ ಹೋಗಲಿ" ಎನ್ನುವವರಿದ್ದಾರೆ. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತದ ಗಡಿನಾಡ ಕನ್ನಡಿಗರಿಗೆ ಒಂದು ಕಲಮು ಇದೆ, ನಿಜ. ಆದರೆ ಅದು ಇಂಜಿನಿಯರಿಂಗಿನಂಥ ವೃತ್ತಿ ಕೋರ್ಸುಗಳಿಗೆ. ಬಿ.ಎ. ಓದುವವಳು ಕೂಲಿಯವರ ಮಗಳು. ಹಾಸ್ಟೆಲಿಗೆ ಹಣವಿದ್ದಿದ್ದರೆ ನಮ್ಮ ಕಟ್ಟೆಗೇಕೆ ಬರುತ್ತಿದ್ದರು?

ಮರಾಠಿ ಬೇಡವೆಂದು ನಾವು ಹೇಳುತ್ತಿಲ್ಲ. ಇಲ್ಲೇ ನೌಕರಿ ಮಾಡಬೇಕಾದವರು ಅದನ್ನು ಚೆನ್ನಾಗಿಯೇ ಕಲಿಯಲಿ. ಮೊದಲ ವರ್ಷದ ಎರಡು ಸೆಮಿಸ್ಟರುಗಳಲ್ಲಾದರೂ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ಉತ್ತರ ಕನ್ನಡದಲ್ಲಿ ಬರೆಯಲು ಬಿಡಿ. ತಿದ್ದಲು ಕನ್ನಡ ಬಲ್ಲ ಪ್ರಾಧ್ಯಾಪಕರು ಈ ಜಿಲ್ಲೆಯಲ್ಲಿ ಸಿಗದೇ ಇರಲಾರರು. ಅಲ್ಲಿಯವರೆಗೆ ನಾವು ಕೆಲ ಶಿಕ್ಷಕರು ಕೂಡಿ ಕನ್ನಡ-ಮರಾಠಿ ಪಾರಿಭಾಷಿಕ ಶಬ್ದಗಳ ವಹಿಯೊಂದನ್ನು ಬರೆಯುತ್ತಿದ್ದೇವೆ. ಅರ್ಥಶಾಸ್ತ್ರ ಮುಗಿದಿದೆ, ರಾಜ್ಯಶಾಸ್ತ್ರ ನಡೆದಿದೆ. ಆ ಹುಡುಗಿ ರವಿವಾರ ಬಂದು ಬರೆದುಕೊಂಡು ಹೋಗುತ್ತಾಳೆ.