ಕದ್ದ ಕತ್ತರಿ ಯಾಕೆ?

ಮದುವೆ ಸೀಜನ್ ಬಂತೆಂದರೆ ಪೇಟೆಯ ಸ್ಟುಡಿಯೋಗಳಲ್ಲಿ ರಾತ್ರಿಯಿಡೀ ವಿಡಿಯೋ ಎಡಿಟಿಂಗ್. ಆದರೆ ಎಷ್ಟೋ ಕಡೆ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್ ಮಾತ್ರ ಕದ್ದ ಮಾಲು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದದ್ದು. ಅದರ ಬೆನ್ನಿಗೇ ವೈರಸ್ಸೂ ಬರಬಹುದು. ಯಾರದೋ ಮಗಳ ಧಾರೆ ಮುಹೂರ್ತ ಅಳಿಸಿಹೋದರೆ ಮತ್ತೆ ತಾಳಿ ಕಟ್ಟಿಸೋಕಾಗುತ್ತಾ?

'ದುಡ್ಡು ಕೊಟ್ಟು ಪೂರೈಸೋಲ್ಲ ಸ್ವಾಮಿ' ಎನ್ನುವುದು ಸ್ಟುಡಿಯೋದವರ ಸಬೂಬು. 2013ರಲ್ಲಿ ಅಡೋಬಿ ಕಂಪನಿ ತಿಂಗಳ ಬಾಡಿಗೆ ಪದ್ಧತಿಗೆ ಇಳಿದದ್ದು ನಿಜ. ಆದರೆ ಪುಕ್ಕಟೆ ದಾರಿಯೂ ಇದೆಯಲ್ಲ! ಡಾವಿಂಚಿ ರಿಸಾಲ್ವ್ ಒಂದು ಕಾಲಕ್ಕೆ ದೊಡ್ಡ ಸಿನಿಮಾ ಲ್ಯಾಬುಗಳ ಸೊತ್ತು. 2009ರಲ್ಲಿ ಅದನ್ನು ಕೊಂಡ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2011ರಿಂದ ಒಂದು ಆವೃತ್ತಿಯನ್ನು ಬಿಟ್ಟಿಯಾಗಿ ಕೊಡುತ್ತಿದೆ. ಆಗ ಬರೀ ಬಣ್ಣ ತಿದ್ದುತ್ತಿದ್ದದ್ದು, ಈಗ ಎಡಿಟಿಂಗನ್ನೂ ಮಾಡುತ್ತದೆ. ಮದುವೆ ವಿಡಿಯೋಗೆ ಇನ್ನೇನು ಬೇಕು?

ಹಾಂ, ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು. ಕಲಿಯುವ ಪುಸ್ತಕವೂ ಇಂಗ್ಲಿಷಿನಲ್ಲಿದೆ. ಕನ್ನಡ ಶಾಲೆಯ ಹುಡುಗರು ತಡವರಿಸುವುದು ಅಲ್ಲೇ. ಫೋಟೋಗ್ರಾಫರುಗಳ ಸಂಘದವರು ಹಾರ ತುರಾಯಿ ಸನ್ಮಾನ ಕಡಿಮೆ ಮಾಡಿ, ತಿಂಗಳಿಗೊಂದು ಭಾನುವಾರ ಕನ್ನಡದಲ್ಲೇ ಪಾಠ ಇಡಲಿ. ಗಿರಾಕಿಗಳೂ ಅಡ್ವಾನ್ಸ್ ಕೊಡುವ ಮುಂಚೆ ಒಂದು ಮಾತು ಕೇಳಲಿ: 'ಸಾಫ್ಟ್‌ವೇರ್ ಕದ್ದದ್ದಲ್ಲ ತಾನೇ?'