ಹಾಡುಗಾರನಿಲ್ಲದ ಹಾಡು ನಮ್ಮದೂ ಹೌದು

"ಇದೆಂಥ ಹಾಡು ಮಾರಾಯ, ಹಾಡುವವನೇ ಇಲ್ಲ!"

ಬಸ್ಸಿನಲ್ಲಿ ಪಕ್ಕ ಕೂತಿದ್ದ ಗೆಳೆಯನಿಗೆ ಇಯರ್‌ಫೋನಿನ ಒಂದು ತುದಿ ಕೊಟ್ಟಿದ್ದೆ. ಎರಡು ನಿಮಿಷ ಕೇಳಿದ. ಪಲ್ಲವಿ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದ. ಬರಲಿಲ್ಲ. ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟು ಈ ಮಾತು ಹೇಳಿದ.

ಅವನ ಮಾತಿನಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಹಾಡು ಎಂದರೆ ಸಿನಿಮಾ ಹಾಡು, ಭಾವಗೀತೆ, ಭಜನೆ. ಯಾರು ಬರೆದರು, ಯಾರು ಹಾಡಿದರು ಎಂದು ಕೇಳುತ್ತೇವೆ. ಗಿಟಾರ್ ನುಡಿಸಿದ್ದು ಯಾರು ಎಂದು ಕೇಳುವವರು ಕಡಿಮೆ. ಹೀಗಿರುವಾಗ ಮುಕ್ಕಾಲು ಗಂಟೆಯ ಆಲ್ಬಂನಲ್ಲಿ ಹಾಡುಗಾರನೇ ಇಲ್ಲ ಎಂದರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ ಅನ್ನಿಸುವುದು ಸಹಜ.

ಆದರೂ ಇಂಥ ಸಂಗೀತವನ್ನು ಊರಿನಲ್ಲಿ ಕೂತು ಕೇಳುವ ನಾವು ಕೇಳಲೇಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣ ಹೇಳುತ್ತೇನೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜು ಹಾಸ್ಟೆಲಿನಲ್ಲಿ ರಾತ್ರಿ ಇಂಗ್ಲಿಷ್ ಹಾಡು ಹಾಕುತ್ತಿದ್ದರು. ಪಟ್ಟಣದಿಂದ ಬಂದ ಹುಡುಗರು ಜೊತೆಗೆ ಹಾಡುತ್ತಿದ್ದರು. ನಾನು ತುಟಿ ಮಾತ್ರ ಆಡಿಸುತ್ತಿದ್ದೆ. ಅರ್ಥ ಕೇಳಲು ನಾಚಿಕೆ, ಎದ್ದು ಹೋಗಲು ಇನ್ನೂ ನಾಚಿಕೆ. ಒಂದು ರಾತ್ರಿ ಯಾರೋ ಗಿಟಾರಿನ ಒಂದು ಆಲ್ಬಂ ಹಾಕಿದರು. ಕಾದೆ, ಮಾತು ಬರಲಿಲ್ಲ. ಕೋಣೆಯಲ್ಲಿದ್ದ ಯಾರಿಗೂ ಜೊತೆಗೆ ಹಾಡಲು ಏನೂ ಇರಲಿಲ್ಲ. ಎಲ್ಲರೂ ಸುಮ್ಮನೆ ಕೂತು ಕೇಳಿದರು. ಆ ಕೋಣೆಯಲ್ಲಿ ನಾನು ಅವರ ಸಮಕ್ಕೆ ಕೂತದ್ದು ಅದೇ ಮೊದಲು.

ಆ ಆಲ್ಬಂ ಜೆಫ್ ಬೆಕ್ ಎಂಬ ಇಂಗ್ಲೆಂಡಿನ ಗಿಟಾರ್ ವಾದಕನ 'ಬ್ಲೋ ಬೈ ಬ್ಲೋ'. 1975ರಲ್ಲಿ ಬಂದದ್ದು.

ಬೆಕ್ ಅಷ್ಟರಲ್ಲಾಗಲೇ ದೊಡ್ಡ ಹೆಸರು. 1965ರಲ್ಲಿ ಎರಿಕ್ ಕ್ಲಾಪ್ಟನ್ ಬಿಟ್ಟ ಜಾಗಕ್ಕೆ ಯಾರ್ಡ್‌ಬರ್ಡ್ಸ್ ತಂಡ ಸೇರಿದ್ದವನು. ಆಮೇಲೆ ತನ್ನದೇ ತಂಡ ಕಟ್ಟಿದ. ಅದರ ಹಾಡುಗಾರ ಮುಂದೆ ಜಗತ್ಪ್ರಸಿದ್ಧನಾದ ರಾಡ್ ಸ್ಟುವರ್ಟ್. ಅದೂ ಉಳಿಯಲಿಲ್ಲ. 1972ರಲ್ಲಿ ಮೂವರು ಸೇರಿ ಇನ್ನೊಂದು ತಂಡ ಮಾಡಿದರು, ಅದೂ ಬೇಗ ಮುರಿಯಿತು. ರಾಕ್ ಸಂಗೀತದಲ್ಲಿ ಹಾಡುಗಾರನೇ ಮುಖ. ಜನ ನೋಡುವುದು ಅವನನ್ನು, ಪೋಸ್ಟರಿನಲ್ಲಿ ಮುಂದೆ ನಿಲ್ಲುವುದೂ ಅವನೇ. ಹಾಡುಗಾರನಿಲ್ಲದೆ ರಾಕ್ ಗಿಟಾರಿಸ್ಟ್ ಒಬ್ಬ ಪೂರ್ತಿ ಆಲ್ಬಂ ತರುವುದು ವ್ಯಾಪಾರದ ಲೆಕ್ಕದಲ್ಲಿ ಅಪಾಯದ ಕೆಲಸ.

ಬೆಕ್ ಅದನ್ನೇ ಮಾಡಿದ. 1974ರ ಅಕ್ಟೋಬರಿನಲ್ಲಿ ಲಂಡನ್ನಿನ ಏರ್ ಸ್ಟುಡಿಯೋಸ್‌ನಲ್ಲಿ ಧ್ವನಿಮುದ್ರಣ ನಡೆಯಿತು. ನಿರ್ಮಾಪಕ ಜಾರ್ಜ್ ಮಾರ್ಟಿನ್, ಬೀಟಲ್ಸ್ ತಂಡದ ಆಲ್ಬಂಗಳನ್ನು ರೂಪಿಸಿದ ಮನುಷ್ಯ. ಒಟ್ಟು ಒಂಬತ್ತು ತುಣುಕು, ಸುಮಾರು 45 ನಿಮಿಷ. ಒಂದು ಕಡೆ ಮಾತ್ರ ಬಾಯಿಗೆ ಕೊಳವೆ ಇಟ್ಟುಕೊಂಡು ಗಿಟಾರಿನ ಸದ್ದನ್ನೇ ಮಾತಿನಂತೆ ಆಡಿಸಿದ್ದಾನೆ. ಉಳಿದಂತೆ ಬರೀ ವಾದ್ಯ. ಅಮೆರಿಕದ ಮುಖ್ಯ ಆಲ್ಬಂ ಪಟ್ಟಿಯಲ್ಲಿ ಇದು 4ನೇ ಸ್ಥಾನಕ್ಕೆ ಏರಿತು. ಹಾಡುಗಾರನಿಲ್ಲದೆ ಜನ ಕೇಳುವುದಿಲ್ಲ ಎನ್ನುವವರಿಗೆ ಅದೇ ಉತ್ತರ.

ಈ ಬಗೆಯ ಸಂಗೀತಕ್ಕೆ ಜಾಝ್ ಫ್ಯೂಷನ್ ಎನ್ನುತ್ತಾರೆ. ಜಾಝ್ ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ಅದರಲ್ಲಿ ಒಂದು ರಾಗದೆಳೆ ಹಿಡಿದು ಪ್ರತಿಯೊಬ್ಬ ವಾದಕನೂ ಸರದಿಯಲ್ಲಿ ಅಲ್ಲೇ, ಆ ಕ್ಷಣದಲ್ಲೇ ಹೊಸದನ್ನು ಕಟ್ಟಿ ನುಡಿಸುತ್ತಾನೆ. ನಮ್ಮ ಕಛೇರಿಯ ಮನೋಧರ್ಮ ಇದಕ್ಕೆ ಹತ್ತಿರ. ಅದಕ್ಕೆ ರಾಕ್‌ನ ವಿದ್ಯುತ್ ಗಿಟಾರು, ಜೋರಾದ ಡ್ರಮ್ಸ್ ಸೇರಿದಾಗ ಫ್ಯೂಷನ್ ಆಯಿತು. ಜಾಝ್‌ನವರು ರಾಕ್ ಕಡೆಗೆ ಮೊದಲು ಬಂದರು. ಮೈಲ್ಸ್ ಡೇವಿಸ್‌ನ 1970ರ 'ಬಿಚಸ್ ಬ್ರೂ' ಅದರಲ್ಲಿ ಹೆಸರಾದದ್ದು. ಬೆಕ್‌ನಂಥವರು ಎದುರು ದಿಕ್ಕಿನಿಂದ, ರಾಕ್‌ನಿಂದ ಜಾಝ್ ಕಡೆಗೆ ನಡೆದರು.

ಬೆಕ್‌ನ ಆಲ್ಬಂನಲ್ಲಿ ನೀವು ಮೊದಲು ಕೇಳಬೇಕಾದ್ದು 'ಕಾಸ್ ವೀವ್ ಎಂಡೆಡ್ ಆ್ಯಸ್ ಲವರ್ಸ್'. ಇದನ್ನು ಬರೆದದ್ದು ಅಮೆರಿಕದ ಸ್ಟೀವಿ ವಂಡರ್. ಮೊದಲು ಇದಕ್ಕೆ ಮಾತಿತ್ತು. 1974ರಲ್ಲಿ ಸಿರೀಟಾ ರೈಟ್ ಎಂಬ ಗಾಯಕಿ ಹಾಡಿದ್ದರು. ಪ್ರೀತಿ ಮುರಿದ ಮೇಲಿನ ಹಾಡು. ಬೆಕ್ ಅದರ ಮಾತನ್ನೆಲ್ಲ ತೆಗೆದುಬಿಟ್ಟ. ಗಾಯಕಿಯ ಜಾಗಕ್ಕೆ ಗಿಟಾರ್ ಬಂತು.

ಆರಂಭ ಗಮನಿಸಿ. ಗಿಟಾರಿನ ತಂತಿ ಮೀಟಿದ 'ಟಣ್' ಎಂಬ ಸದ್ದು ಅಲ್ಲಿಲ್ಲ. ಮೀಟುವಾಗ ವಾಲ್ಯೂಮ್ ಇಳಿಸಿ, ಮೀಟಿದ ಮೇಲೆ ಗುಂಡಿ ತಿರುಗಿಸಿ ಏರಿಸುತ್ತಾನೆ. ಸ್ವರ ಎಲ್ಲಿಂದಲೋ ಉಸಿರಿನಂತೆ ಬರುತ್ತದೆ. ಮುಂದೆ ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾನೆ. ಅಳುವವರ ದನಿ ಹೀಗೆಯೇ ಜಾರುತ್ತದೆ. ಆ ತುಣುಕು ಕೇಳಿ ಮುಗಿಸಿದವರಿಗೆ ಅದು ಏನನ್ನು ಕುರಿತದ್ದು ಎಂದು ಯಾರೂ ಅನುವಾದ ಮಾಡಿ ಹೇಳಬೇಕಾಗಿಲ್ಲ.

ಮಾತಿಲ್ಲದ ಸಂಗೀತ ನಮಗೆ ಹೊಸದೇ? ಮದುವೆ ಮನೆಯ ವಾಲಗದಲ್ಲಿ ಯಾವ ಮಾತಿದೆ? ಗಟ್ಟಿಮೇಳ ಮೊಳಗಿದೊಡನೆ ಊಟದ ಚಪ್ಪರದಲ್ಲಿದ್ದವರೂ ತಾಳಿ ಕಟ್ಟಿದರು ಎಂದು ತಿಳಿದುಕೊಳ್ಳುತ್ತಾರೆ. ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್ ನುಡಿಸುವಾಗ ಸಾಹಿತ್ಯ ಎಲ್ಲಿ ಎಂದು ಯಾರೂ ಎದ್ದು ಹೋಗಲಿಲ್ಲ. ಆ ಸ್ಯಾಕ್ಸೊಫೋನ್ ಜಾಝ್‌ನವರ ಮುಖ್ಯ ವಾದ್ಯ, ಅದು ಕರಾವಳಿಗೆ ಬಂದು ನಮ್ಮದಾಯಿತು. ಅಂದರೆ ಕೇಳುವ ಕಿವಿ ನಮಗಿದೆ. 'ಇದು ಇಂಗ್ಲಿಷಿನವರದ್ದು, ಪ್ಯಾಟೆಯವರದ್ದು' ಎಂಬ ಅಂಜಿಕೆ ಮಾತ್ರ ಅಡ್ಡ ನಿಂತಿದೆ.

ನಾನು ಈ ಆಲ್ಬಂಗಳನ್ನು ಇಷ್ಟಪಡಲು ಎರಡನೇ ಕಾರಣವೂ ಇದೆ. ಹಾಡುಗಾರ ಪಕ್ಕಕ್ಕೆ ಸರಿದರೆ ಹಿಂದೆ ನಿಂತವರೆಲ್ಲ ಕೇಳಿಸತೊಡಗುತ್ತಾರೆ.

'ಬ್ಲೋ ಬೈ ಬ್ಲೋ' ಮುಖಪುಟದಲ್ಲಿರುವುದು ಜೆಫ್ ಬೆಕ್ ಹೆಸರು. ಆದರೆ ಒಳಗೆ ಕಿವಿಗೊಟ್ಟರೆ ಕೀಬೋರ್ಡಿನ ಮ್ಯಾಕ್ಸ್ ಮಿಡಲ್ಟನ್ ಇದ್ದಾನೆ. ಜನ ಇವತ್ತಿಗೂ ನೆನೆಯುವ 'ಫ್ರೀವೇ ಜಾಮ್' ಅವನ ರಚನೆ. ಬೇಸ್ ಗಿಟಾರಿನಲ್ಲಿ ಜಮೈಕಾ ಮೂಲದ ಫಿಲ್ ಚೆನ್. ಡ್ರಮ್ಸ್‌ನಲ್ಲಿ ಟ್ರಿನಿಡಾಡ್ ಮೂಲದ ರಿಚರ್ಡ್ ಬೇಲಿ. 'ಸ್ಕ್ಯಾಟರ್‌ಬ್ರೇನ್' ಮತ್ತು 'ಡೈಮಂಡ್ ಡಸ್ಟ್' ತುಣುಕುಗಳಿಗೆ ಪಿಟೀಲು ಬಳಗದ ಹಿನ್ನೆಲೆ ಕಟ್ಟಿದವನು ಜಾರ್ಜ್ ಮಾರ್ಟಿನ್.

'ಸ್ಕ್ಯಾಟರ್‌ಬ್ರೇನ್' ಕೇಳುವಾಗ ಬೆರಳಿನಲ್ಲಿ ಎಣಿಸಿ ನೋಡಿ. ರಾಕ್ ಹಾಡುಗಳು ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ಸಾಗುತ್ತವೆ. ಇದು ಒಂಬತ್ತರಲ್ಲಿ ಓಡುತ್ತದೆ. ಪಾಶ್ಚಾತ್ಯರಲ್ಲಿ ಎಷ್ಟೋ ಕೇಳುಗರಿಗೆ ಇಂಥ ಎಣಿಕೆ ತೊಡಕು. ಆಟದ ರಾತ್ರಿಗಳಲ್ಲಿ ಏಳರ ಎಣಿಕೆಯ ತ್ರಿವುಡೆ ತಾಳ ಕೇಳಿ ಬೆಳೆದ ಹುಡುಗನಿಗೆ ಅದು ಅಷ್ಟೇನೂ ಹೆದರಿಸದು.

ಮರುವರ್ಷ, 1976ರಲ್ಲಿ 'ವೈರ್ಡ್' ಬಂತು. ಅದರಲ್ಲಿ ಎಂಟು ತುಣುಕು. ಬೆಕ್ ರಚಿಸಿದ್ದು ಎಷ್ಟು ಗೊತ್ತೇ? ಒಂದೂ ಇಲ್ಲ. ನಾಲ್ಕನ್ನು ರಚಿಸಿದವನು ಡ್ರಮ್ಸ್ ನುಡಿಸುವ ನಾರದ ಮೈಕೆಲ್ ವಾಲ್ಡೆನ್. ಒಂದು ಕೀಬೋರ್ಡಿನ ಯಾನ್ ಹ್ಯಾಮರ್‌ನದ್ದು, ಒಂದು ಮಿಡಲ್ಟನ್‌ನದ್ದು. ಇನ್ನೊಂದು ಜಾಝ್‌ನ ಹಿರಿಯ ಚಾರ್ಲ್ಸ್ ಮಿಂಗಸ್, ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ನೆನಪಿಗೆ ಕಟ್ಟಿದ 'ಗುಡ್‌ಬೈ ಪೋರ್ಕ್ ಪೈ ಹ್ಯಾಟ್'. ತನ್ನ ಹೆಸರಿನ ಆಲ್ಬಂನಲ್ಲಿ ತನ್ನದೊಂದೂ ರಚನೆ ಇಲ್ಲದಿದ್ದರೂ ಬೆಕ್‌ಗೆ ಕಡಿಮೆ ಅನ್ನಿಸಲಿಲ್ಲ. ಊರಿನ ಯುವಕ ಸಂಘದಿಂದ ಹಿಡಿದು ಪಂಚಾಯಿತಿವರೆಗೆ, ಮೈಕು ಹಿಡಿದವರು ಕೆಳಗಿಡಲು ಒಪ್ಪದ್ದನ್ನು ನೋಡುವ ನಮಗೆ ಇದು ಸಣ್ಣ ವಿಷಯವಲ್ಲ.

ವಾಲ್ಡೆನ್, ಹ್ಯಾಮರ್ ಇಬ್ಬರೂ ಬಂದದ್ದು ಮಹಾವಿಷ್ಣು ಆರ್ಕೆಸ್ಟ್ರಾದಿಂದ. ಹೆಸರು ಕೇಳಿ ಆಶ್ಚರ್ಯವಾಯಿತೇ? ಅದನ್ನು 1971ರಲ್ಲಿ ಕಟ್ಟಿದವನು ಇಂಗ್ಲೆಂಡಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಲಿನ್. ಗುರು ಶ್ರೀ ಚಿನ್ಮಯರು ಅವನಿಗಿಟ್ಟ ಹೆಸರು ಮಹಾವಿಷ್ಣು. ಅವನು ಹೆಸರಿಗೆ ನಿಲ್ಲಲಿಲ್ಲ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತ. ಆಮೇಲೆ ವಿದ್ಯುತ್ ಗಿಟಾರ್ ಪಕ್ಕಕ್ಕಿಟ್ಟು ಪಿಟೀಲಿನ ಎಲ್. ಶಂಕರ್, ತಬಲದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ನೆಲದ ಮೇಲೆ ಕೂತು 'ಶಕ್ತಿ' ತಂಡ ಕಟ್ಟಿದ. ನಮ್ಮ ಬೆಂಗಳೂರಿಗೂ ಜಾಝ್‌ನ ಇಂಥ ನಂಟು ಇದೆ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಟಿ.ಎ.ಎಸ್. ಮಣಿ ಮತ್ತು ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಂ ಮಾಡಿದ.

'ನೋಡಿ, ಎಲ್ಲ ನಮ್ಮಿಂದಲೇ ಹೋದದ್ದು' ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅಲ್ಲಿ ಕೆಲಸ ಮಾಡಿದ್ದು ಕಲಿಯುವ ಗುಣ. ಹೆಸರು ಮಾಡಿದ ಮೇಲೂ ಇನ್ನೊಬ್ಬರ ಮುಂದೆ ಶಿಷ್ಯನಾಗಿ ಕೂರುವುದು ಸುಲಭವಲ್ಲ.

ಈಗ ಎದುರು ವಾದಕ್ಕೆ ಬರುತ್ತೇನೆ. ಫ್ಯೂಷನ್ ಎಂದರೆ ಬರೀ ಬೆರಳ ಸರ್ಕಸ್ಸು, ಯಾರು ಎಷ್ಟು ವೇಗ ಎಂಬ ಓಟದ ಸ್ಪರ್ಧೆ ಎಂದು ಬೈಯುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಈ ದಾರಿಯಲ್ಲಿ ಬಂದ ಎಷ್ಟೋ ಆಲ್ಬಂಗಳಲ್ಲಿ ವಾದಕ ನಿಲ್ಲುವುದನ್ನೇ ಮರೆತಿರುತ್ತಾನೆ. ಹತ್ತು ನಿಮಿಷ ಮಳೆ ಸುರಿದ ಹಾಗೆ ಸ್ವರ ಸುರಿದರೂ ಕೊನೆಗೆ ನೆನಪಿನಲ್ಲಿ ಒಂದೂ ಉಳಿಯುವುದಿಲ್ಲ. 'ವೈರ್ಡ್'ನಲ್ಲೂ ಒಂದೆರಡು ಕಡೆ ನನಗೆ ಹಾಗೆ ಅನ್ನಿಸಿದೆ. ಬೆಕ್ ವೇಗವಾಗಿ ನುಡಿಸಬಲ್ಲವನೇ. ಆದರೆ ಅವನು ಉಳಿದುಕೊಂಡದ್ದು ಸ್ವರಗಳ ನಡುವೆ ಬಿಟ್ಟ ಜಾಗದಿಂದ. 1980ರ ದಶಕದ ಹೊತ್ತಿಗೆ ಅವನು ಗಿಟಾರ್ ಮೀಟುವ ಪಿಕ್ಕನ್ನೂ ಬಿಟ್ಟು ಬರಿಬೆರಳಿನಲ್ಲಿ ನುಡಿಸತೊಡಗಿದ. ವೇಗಕ್ಕೆ ಪಿಕ್ಕು ಅನುಕೂಲ, ದನಿಯ ಸೂಕ್ಷ್ಮಕ್ಕೆ ಬೆರಳು. ಅವನು ಬೆರಳನ್ನು ಆರಿಸಿಕೊಂಡ.

ಇಲ್ಲೇ ನಮ್ಮ ಫೋನಿನ ಮಾತು ಬರುತ್ತದೆ. ರೀಲ್ಸ್‌ನಲ್ಲಿ ಗಿಟಾರ್ ವಿಡಿಯೋ ಎಂದರೆ ಮೂವತ್ತು ಸೆಕೆಂಡಿನ ವೇಗದ ತುಣುಕು. ಬೆರಳು ಓಡುತ್ತದೆ, ಕೆಳಗೆ ಬೆಂಕಿಯ ಗುರುತಿನ ಸಾಲು, ನಾವು ಮೇಲಕ್ಕೆ ಸರಿಸುತ್ತೇವೆ. ಅದನ್ನು ನೋಡಿ ಈ ಸಂಗೀತ ಹೀಗೆಯೇ ಎಂದು ತೀರ್ಮಾನಿಸಿದರೆ ಬೌಂಡರಿ ಹೊಡೆದ ಬಾಲುಗಳನ್ನು ಮಾತ್ರ ನೋಡಿ ಟೆಸ್ಟ್ ಪಂದ್ಯ ನೋಡಿದೆ ಎಂದ ಹಾಗೆ. ನಿಧಾನವಾಗಿ ಏರುವ ಸ್ವರಕ್ಕೆ ಮೂವತ್ತು ಸೆಕೆಂಡಿನಲ್ಲಿ ಜಾಗವಿಲ್ಲ. ನಮ್ಮೂರುಗಳಲ್ಲಿ ಗಿಟಾರ್, ಕೀಬೋರ್ಡ್ ಕಲಿಯುತ್ತಿರುವ ಹುಡುಗ ಹುಡುಗಿಯರು ಈಗ ಕಲೆ ಎಂದರೆ ಆ ಮೂವತ್ತು ಸೆಕೆಂಡು ಎಂದು ನಂಬತೊಡಗಿದ್ದಾರೆ. ನನ್ನ ನಿಜವಾದ ಚಿಂತೆ ಅದು.

ಆದ್ದರಿಂದ ಒಂದು ಕೋರಿಕೆ. ಒಂದು ಸಂಜೆ, ಹಾಲು ಡೇರಿಗೆ ಹಾಕಿ ಬಂದ ಮೇಲೋ, ಅಡಿಕೆ ಸುಲಿಯುತ್ತಲೋ, 'ಬ್ಲೋ ಬೈ ಬ್ಲೋ' ಹಾಕಿ. ಫೋನಿನ ಸ್ಪೀಕರಿನಲ್ಲಿ ಬೇಡ, ಬೇಸ್ ಕೇಳಿಸುವುದಿಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಗಿಟಾರ್ ಹಿಂದೆ ಹೋಗಿ. ಎರಡನೇ ಸಲ ಬರೀ ಕೀಬೋರ್ಡ್ ಕೇಳಿ, ಮೂರನೇ ಸಲ ಬೇಸ್ ಮತ್ತು ಡ್ರಮ್ಸ್. ಒಂದೇ ಆಲ್ಬಂ ಮೂರಾಗುತ್ತದೆ. ಹಿಡಿಸಿದರೆ 'ವೈರ್ಡ್', ಆಮೇಲೆ ಮಹಾವಿಷ್ಣುವಿನ 'ಬರ್ಡ್ಸ್ ಆಫ್ ಫೈರ್', ಬಿಲ್ಲಿ ಕಾಬಮ್‌ನ 'ಸ್ಪೆಕ್ಟ್ರಮ್'. ಹಿಡಿಸದಿದ್ದರೆ ಬಿಟ್ಟುಬಿಡಿ, ಕೇಳಿ ಬಿಟ್ಟವರ ಮಾತಿಗೆ ಬೆಲೆ ಇದೆ. ಕೇಳದೆಯೇ 'ನಮಗಲ್ಲ' ಎನ್ನುವುದು ಮಾತ್ರ ಬೇಡ.

ಜೆಫ್ ಬೆಕ್ 2023ರ ಜನವರಿ 10ರಂದು ತೀರಿಕೊಂಡ. ಆಗ 78 ವರ್ಷ. ಆ ಸುದ್ದಿ ಓದಿದ ದಿನ ಮನೆಯ ಜಗಲಿಯಲ್ಲಿ ಸ್ಟೀವಿ ವಂಡರ್‌ನ ಆ ತುಣುಕನ್ನೇ ಹಾಕಿದ್ದೆ. ಅಮ್ಮ ಹೂ ಕಟ್ಟುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು, ಜೆಫ್ ಬೆಕ್ ಯಾರೆಂದು ಗೊತ್ತಿಲ್ಲ. ಮುಗಿದ ಮೇಲೆ ಕೇಳಿದರು: "ಯಾರನ್ನೋ ಕಳಕೊಂಡವರ ಹಾಗೆ ಇದೆಯಲ್ಲ, ಎಂಥ ಆಯ್ತಂತೆ ಅವನಿಗೆ?"