ಬೆಳ್ಳಗಿದ್ದರೆ ಬೆಲ್ಲವೆ?

ಆಯುಧಪೂಜೆ ಮುಗಿದು ನಾಲ್ಕು ದಿನಕ್ಕೆ ಕಿರುಗಾವಲಿನ ತವರುಮನೆಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಮ್ಮನ ಆಲೆಮನೆಯ ಕೆಲಸಕ್ಕೆ ನಿಲ್ಲುವುದು ನನಗೆ ಬಹಳ ವರ್ಷದ ವಾಡಿಕೆ. ದಸರೆ ರಜೆ ಇನ್ನೂ ಉಳಿದಿರುತ್ತದೆ. ಮಳೆಗಾಲದಲ್ಲಿ ಕಬ್ಬಿನ ಸಿಪ್ಪೆ ಒಣಗುವುದಿಲ್ಲವೆಂದು ನಿಲ್ಲಿಸಿದ ಆಲೆಯನ್ನು ಮತ್ತೆ ಹೂಡಬೇಕು. ಕೊಪ್ಪರಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಕು. ಬಿರುಕುಬಿಟ್ಟ ಒಲೆಗೆ ಮಣ್ಣು ಮೆತ್ತಬೇಕು. ಗಾಣದ ಹಲ್ಲುಗಳಿಗೆ ಗ್ರೀಸು ಬಳಿಯಬೇಕು. ಅಚ್ಚಿನ ಮಣೆಗಳನ್ನು ಬಿಸಿನೀರಿನಲ್ಲಿ ತೊಳೆದು, ಗುಳಿಗುಳಿಯಲ್ಲೂ ಕುಳಿತ ಹಳೆಯ ಬೆಲ್ಲವನ್ನು ಕಡ್ಡಿಯಿಂದ ಕೆರೆದು, ಬಿಸಿಲಿಗೆ ಒಣಗಹಾಕಬೇಕು. ಈ ಕೊನೆಯ ಕೆಲಸ ಚಿಕ್ಕಂದಿನಿಂದಲೂ ನನ್ನದು. ಅಪ್ಪ ಎತ್ತಿನ ಗಾಣ ಹೂಡುತ್ತಿದ್ದ ಕಾಲದಲ್ಲೂ ನನ್ನದೇ.

ಹೋದ ಸಲ ಮಣೆಗಳನ್ನು ತರಲು ಮೂಲೆಯ ಕೋಣೆಗೆ ಹೋದಾಗ, ಗೋಣಿಚೀಲದ ಕೆಳಗೆ ಮುಚ್ಚಳ ಬಿಗಿದ ಒಂದು ಡಬ್ಬ ಕಂಡಿತು. ಮುಚ್ಚಳ ತೆಗೆದೆ. ಬಿಳಿಯ ಪುಡಿ, ಗಂಧಕದ ಘಾಟು ಮೂಗಿಗೆ ಹೊಡೆಯಿತು. ತಮ್ಮನನ್ನು ಕರೆದೆ.

"ಏನ್ಲಾ ಇದು?"

ಅವನು ನೆಲ ನೋಡಿದ. "ಹೈಡ್ರೋಸು ಕನಕ್ಕ. ಎಲ್ಲಾರೂ ಹಾಕ್ತಾರೆ."

"ಅಪ್ಪ ಹಾಕ್ತಿದ್ದರೇನೋ?"

"ಅಪ್ಪನ ಬೆಲ್ಲ ತಕ್ಕಳೋರು ಇದ್ರು ಕನಕ್ಕ. ನನ್ನ ಬೆಲ್ಲ ತಕ್ಕಳೋರು ಯಾರವ್ರೆ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ. ಇದು ನನ್ನ ತಮ್ಮನ ಮೇಲಿನ ದೂರು ಎಂದು ಯಾರೂ ತಿಳಿಯಬಾರದು. ಇದು ನಿಮ್ಮ ಮೇಲಿನ ದೂರು, ನನ್ನ ಮೇಲಿನ ದೂರು. ಅಂಗಡಿಯ ಮುಂದೆ ನಿಂತು "ಸ್ವಲ್ಪ ಬೆಳ್ಳಗಿರೋದು ಕೊಡಪ್ಪ" ಎನ್ನುವ ಎಲ್ಲರ ಮೇಲಿನ ದೂರು.

ಆ ಪುಡಿಯ ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವವರು, ಬಣ್ಣ ಕೀಳುವವರು ಬಳಸುವ ವಸ್ತು. ಕುದಿಯುವ ಕಬ್ಬಿನ ಹಾಲಿಗೆ ಒಂದು ಹಿಡಿ ಎರಚಿದರೆ ಕಂದು ಬಣ್ಣ ಕಣ್ಣೆದುರೇ ಹಳದಿಗೆ ತಿರುಗುತ್ತದೆ. ತಮಾಷೆಯೆಂದರೆ ಆ ಚೆಲುವು ನಿಲ್ಲುವುದಿಲ್ಲ. ಕೆಲವು ವಾರ ಇಟ್ಟರೆ ಅದೇ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಮಂಡಿಯಲ್ಲಿ ಹರಾಜಾಗಿ, ಅಂಗಡಿಯ ಗಾಜಿನ ಹಿಂದೆ ಕುಳಿತು, ನಿಮ್ಮ ಚೀಲ ಸೇರುವವರೆಗೆ ಮಿನುಗಿದರೆ ಸಾಕು, ಅದರ ಕೆಲಸ ಮುಗಿಯಿತು.

ತಮ್ಮ ಅಂದು ಸಂಜೆ ಜಗಲಿಯ ಮೇಲೆ ಕುಳಿತು ಲೆಕ್ಕ ಹೇಳಿದ. ಒಂದು ಟನ್ ಕಬ್ಬು ಅರೆದರೆ ಸಿಗುವುದು ಹೆಚ್ಚೂಕಡಿಮೆ ಒಂದು ಕ್ವಿಂಟಾಲ್ ಬೆಲ್ಲ. ಅದಕ್ಕೆ ಕಬ್ಬು ಕಡಿಯುವವರ ಕೂಲಿ, ಗಾಡಿ ಬಾಡಿಗೆ, ಒಲೆಗೆ ಉರಿ ಹಾಕುವವನ ಕೂಲಿ, ಹದ ನೋಡುವವನ ಕೂಲಿ. ಇಷ್ಟೆಲ್ಲ ಕಳೆದು ಅವನಿಗೆ ಉಳಿಯುವುದೇ ಕ್ವಿಂಟಾಲಿಗೆ ಕೆಲವು ನೂರು ರೂಪಾಯಿ. ಪುಡಿ ಹಾಕದ ಬೆಲ್ಲ ಒಯ್ದರೆ ಖರೀದಿದಾರ ಒಂದು ತುಂಡು ಮುರಿದು, ಬಾಯಿಗೂ ಹಾಕಿಕೊಳ್ಳದೆ, "ಬಣ್ಣ ಇಲ್ಲ" ಎಂದು ಕಡಿಮೆ ಕೂಗುವುದೂ ಸರಿಯಾಗಿ ಅಷ್ಟೇ. ಅಂದರೆ ಪ್ರಾಮಾಣಿಕನಾಗಿರುವುದಕ್ಕೆ ನನ್ನ ತಮ್ಮ ಕಟ್ಟಬೇಕಾದ ದಂಡ ಅವನ ಇಡೀ ಲಾಭ. ಯಾವ ಸಾಧುಸಂತನಿಗೂ ಹೊರಲಾಗದ ದಂಡ ಇದು. ಎರಡು ಮಕ್ಕಳನ್ನು ಓದಿಸುವ ರೈತ ಹೊರುತ್ತಾನೆಯೆ?

ಬೆಲ್ಲದ ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ಪೇಟೆಯವರು ತಿಳಿಯಬೇಕು. ಅದು ಕೊಪ್ಪರಿಗೆಯಲ್ಲಿ ಹುಟ್ಟುವುದಕ್ಕೆ ಮೊದಲೇ ಹೊಲದಲ್ಲಿ ಹುಟ್ಟಿರುತ್ತದೆ. ಯೂರಿಯಾ ಹೆಚ್ಚಾದ ಕಬ್ಬಿನ ಬೆಲ್ಲ ಕಪ್ಪಗಿರುತ್ತದೆ, ಸರಿಯಾಗಿ ಗಟ್ಟಿಯೂ ಆಗುವುದಿಲ್ಲ. ನಾಲೆ ನೀರು ನಿಂತು ಚೌಳು ಹಿಡಿದ ಭೂಮಿಯ ಕಬ್ಬಿನ ಬೆಲ್ಲಕ್ಕೆ ಉಪ್ಪುರುಚಿ ಬರುತ್ತದೆ. ಅಪ್ಪ ಕಟಾವಿಗೆ ಹತ್ತು ಹದಿನೈದು ದಿನ ಮುಂಚೆಯೇ ನೀರು ಕಟ್ಟುತ್ತಿರಲಿಲ್ಲ. ಕಡಿದ ಕಬ್ಬು ಒಂದು ರಾತ್ರಿಗಿಂತ ಹೆಚ್ಚು ಗಾಣದ ಮುಂದೆ ಬಿದ್ದಿರಲು ಬಿಡುತ್ತಿರಲಿಲ್ಲ. ಹಳಸಿದ ಕಬ್ಬಿನ ಪಾಕ ಅಚ್ಚಿನಲ್ಲಿ ಕೂರುವುದಿಲ್ಲ. ಎಳಸಾದ ತುದಿಯನ್ನು ಕೊಯ್ದು ದನಕ್ಕೆ ಹಾಕುತ್ತಿದ್ದರು. ಹಾಲು ಕಾಯುವಾಗ ಸುಣ್ಣದ ತಿಳಿ; ಬೆಂಡೆ ಗಿಡವನ್ನು ಜಜ್ಜಿ, ನೀರಿನಲ್ಲಿ ಕಿವುಚಿ ತೆಗೆದ ಲೋಳೆ. ಆ ಲೋಳೆ ಕಸವನ್ನೆಲ್ಲ ಅಪ್ಪಿಕೊಂಡು ಮೇಲೆ ತೇಲಿ ಬಂದಾಗ ಸೌಟಿನಿಂದ ಮಡ್ಡಿ ತೆಗೆಯುತ್ತಿದ್ದರು. ಉಕ್ಕಿ ಬಂದರೆ ನಾಲ್ಕು ತೊಟ್ಟು ಹರಳೆಣ್ಣೆ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಿದ್ದರು. ಹೀಗೆ ಮಾಡಿದ ಬೆಲ್ಲ ಹೊಂಬಣ್ಣದಿಂದ ಹಿಡಿದು ಕಾಫಿ ಬಣ್ಣದವರೆಗೆ, ಕಬ್ಬಿನ ತಳಿ, ಮಣ್ಣು, ತಿಂಗಳು ನೋಡಿಕೊಂಡು ಬದಲಾಗುತ್ತಿತ್ತು. ಬೆಲ್ಲದ ಬಣ್ಣ ನೋಡಿ ಹೊಲದ ಸುದ್ದಿ ಓದಬಹುದಿತ್ತು.

ಹೈಡ್ರೋಸು ಆ ಸುದ್ದಿಯನ್ನು ಅಳಿಸಿಹಾಕುತ್ತದೆ. ನನ್ನ ಮುಖ್ಯವಾದ ತಕರಾರು ಇದೇ. ಹಳಸಿದ ಕಬ್ಬು, ಚೌಳು ಭೂಮಿಯ ಕಬ್ಬು, ಮಡ್ಡಿ ತೆಗೆಯದ ಹಾಲು, ಎಲ್ಲಕ್ಕೂ ಒಂದೇ ಮುಖ ಬರುತ್ತದೆ. ಸಕ್ಕರೆ ಅಗ್ಗವಾದಾಗ ಅದನ್ನೇ ಕೊಪ್ಪರಿಗೆಗೆ ಸುರಿದು ಕಾಯಿಸುವವರೂ ಇದ್ದಾರೆ. ಆ ಬೆಲ್ಲವಂತೂ ಎಲ್ಲಕ್ಕಿಂತ ಚೆಲುವಾಗಿರುತ್ತದೆ. ಸಿಪ್ಪೆ ಸಾಲದಾದಾಗ ಪ್ಲಾಸ್ಟಿಕ್ಕು, ರಬ್ಬರು ಉರಿಸುವವರೂ ಇದ್ದಾರೆ. ಆ ಹೊಗೆಯನ್ನು ಕುಡಿಯುವವನು ಒಲೆಯ ಮುಂದೆ ಕುಳಿತ ಕೂಲಿಯವನು. ಹಳದಿ ಅಚ್ಚಿನ ಮುಖದಲ್ಲಿ ಇದಾವುದೂ ಕಾಣದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಕಟ್ಟಿದ ಜನ ನಾವು. ಕಬ್ಬಿನ ರಸವನ್ನು ಹಾಲು ಎಂದು ಕರೆಯುವವರೂ ನಾವೇ. ಎರಡನ್ನೂ ಒಟ್ಟಿಗೆ ನೆನೆಯುವುದಿಲ್ಲ.

ಈ ಬಿಳುಪಿನ ಹುಚ್ಚು ನಮಗೆ ಹೇಗೆ ಹತ್ತಿತು? 1847ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾದಾಗ ಅದು ಮಾಡಿದ್ದು ಸುತ್ತಲಿನ ರೈತರು ಕಾಯಿಸಿದ ಬೆಲ್ಲವನ್ನೇ ಕೊಂಡು ಸಕ್ಕರೆಯಾಗಿಸುವ ಕೆಲಸ. 1933ರಲ್ಲಿ ಮಂಡ್ಯದ ಕಾರ್ಖಾನೆ ಬಂತು. ನಾಲೆ ನೀರು, ಕಬ್ಬು, ಕಾರ್ಖಾನೆ ಸೇರಿ ಈ ಜಿಲ್ಲೆಗೆ ಅನ್ನ ಕೊಟ್ಟವು, ಅದನ್ನು ಮರೆಯುವುದಿಲ್ಲ. ಆದರೆ ಸಕ್ಕರೆ ನಮ್ಮ ಕಣ್ಣಿಗೆ ಒಂದು ಪಾಠವನ್ನೂ ಕಲಿಸಿತು: ಬೆಳ್ಳಗಿದ್ದದ್ದು ಶುದ್ಧ, ಕಪ್ಪಗಿದ್ದದ್ದು ಕೊಳಕು. ಕಾರ್ಖಾನೆಯವರೂ ಗಂಧಕದ ಹೊಗೆ ಹಾಯಿಸಿಯೇ ರಸವನ್ನು ತಿಳಿ ಮಾಡುತ್ತಾರೆ. ಆದರೆ ಅಲ್ಲಿ ಪ್ರಯೋಗಾಲಯವಿದೆ, ಅಳತೆಯಿದೆ. ನಮ್ಮ ಆಲೆಮನೆಯಲ್ಲಿ ಅಳತೆ ಎಂದರೆ ಕೂಲಿಯವನ ಮುಷ್ಟಿ.

ಇನ್ನು ನನ್ನ ಸರದಿ. ಕೆಲವು ವರ್ಷದ ಹಿಂದೆ ಸಂಕ್ರಾಂತಿಗೆ ಎಳ್ಳು ಬೀರಲು ನಾನು ಬೆಲ್ಲ ಕೊಂಡದ್ದು ಅಂಗಡಿಯಲ್ಲಿ. ತಮ್ಮ ಮನೆಬಳಕೆಗೆಂದು ಕಳಿಸಿದ್ದ ಕಂದು ಬೆಲ್ಲ ಡಬ್ಬದಲ್ಲಿ ತುಂಬಿತ್ತು. ಆದರೆ ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳ ನಡುವೆ ಕಪ್ಪು ಚೂರು ಬಿದ್ದರೆ ತಟ್ಟೆ ಕಳೆಗುಂದುತ್ತದೆ, ಎದುರುಮನೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಹಳದಿ ಅಚ್ಚು ತಂದು, ಸಣ್ಣಗೆ ಚೂರು ಮಾಡಿ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಮನೆಮನೆಗೆ ಬೀರಿದೆ. ತಮ್ಮನ ಡಬ್ಬದಲ್ಲಿ ಪುಡಿ ಕಂಡ ದಿನ ನನಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾದದ್ದು ಇದಕ್ಕೇ. ಆ ಪುಡಿಯನ್ನು ಅವನ ಕೈಯಲ್ಲಿಟ್ಟವರಲ್ಲಿ ನಾನೂ ಒಬ್ಬಳು.

ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಗೆ ಎರಡು ಬೆಲ್ಲ ಒಯ್ದೆ. ಒಂದು ಹಳದಿ, ಒಂದು ಕಂದು. ಯಾವುದು ಒಳ್ಳೆಯದು ಎಂದು ಕೇಳಿದೆ. ರೈತರ ಮಕ್ಕಳೇ ತುಂಬಿದ ತರಗತಿ. ಎಲ್ಲ ಕೈಗಳೂ ಹಳದಿಯ ಕಡೆಗೆ. "ಕರ್ರಗಿರೋದು ದನಕ್ಕೆ ತಿನ್ಸೋದು ಮೇಡಂ" ಎಂದ ಒಬ್ಬ. ಕಣ್ಣು ಮುಚ್ಚಿಸಿ ಎರಡನ್ನೂ ತಿನ್ನಿಸಿದೆ. ಮುಕ್ಕಾಲು ಪಾಲು ಮಕ್ಕಳು ಕಂದು ಬೆಲ್ಲವೇ ಚೆನ್ನಾಗಿದೆ ಎಂದರು. ಕಣ್ಣು ತೆರೆದು ನೋಡಿ ನಕ್ಕರು. ಹಿಂದಿನ ಬೆಂಚಿನ ಕಪ್ಪು ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಅವಳು ಏನು ಯೋಚಿಸುತ್ತಿದ್ದಳೋ ನನಗೆ ಗೊತ್ತು. ನನ್ನನ್ನು ನೋಡಲು ಬಂದ ಮೊದಲ ಗಂಡಿನ ಮನೆಯವರೂ "ಬಣ್ಣ ಇಲ್ಲ" ಎಂದೇ ಎದ್ದುಹೋಗಿದ್ದರು. ಮಂಡಿಯ ಕಣ್ಣೂ ಮದುವೆಯ ಕಣ್ಣೂ ಒಂದೇ ಶಾಲೆಯಲ್ಲಿ ಓದಿವೆ.

ತಿಳಿದವರೊಬ್ಬರು ನನ್ನೊಡನೆ ವಾದಿಸಿದರು: "ಸ್ವಲ್ಪ ಹಾಕಿದರೆ ಏನೂ ಆಗುವುದಿಲ್ಲ ಮೇಡಂ, ಕಾನೂನೇ ಒಪ್ಪಿದೆ." ನಿಜ, ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಕಿಲೋಗೆ 70 ಮಿಲಿಗ್ರಾಂ ಮೀರಬಾರದು ಎಂದು ಮಿತಿ ಇದೆ. ಆದರೆ ಕೊಪ್ಪರಿಗೆಯ ಮುಂದೆ ಮಿಲಿಗ್ರಾಂ ತೂಗುವ ತಕ್ಕಡಿ ಯಾರಲ್ಲಿದೆ? ಈ ಮಿತಿಯ ಒಳಗೆ ಹಾಕಿದರೆ ಮಂಡಿ ಕೇಳುವ ಬಣ್ಣ ಬರುತ್ತದೆಯೆ ಎಂದು ಯಾರಾದರೂ ಆಲೆಯವನನ್ನು ಕೇಳಿದ್ದಾರೆಯೆ? ಸಲ್ಫೈಟು ಒಗ್ಗದ ಉಬ್ಬಸದ ರೋಗಿಗೆ ಸ್ವಲ್ಪವೇ ಸಾಕು, ಉಸಿರು ಕಟ್ಟಲು. ಹಾಗಿರುವಾಗ ತಪಾಸಣೆಯವರು ಬರುತ್ತಾರೆ, ಮಾದರಿ ಒಯ್ಯುತ್ತಾರೆ, ಆಲೆಯವನಿಗೆ ದಂಡ ಹಾಕುತ್ತಾರೆ. ಪುಡಿಗೆ ದಂಡ, ಪುಡಿ ಹಾಕದಿದ್ದರೂ ದಂಡ. ಎರಡು ಕಡೆಯ ಗಾಣದ ನಡುವೆ ಸಿಕ್ಕ ಕಬ್ಬಾದ ನನ್ನ ತಮ್ಮ.

ಕಾರ್ಖಾನೆಗೆ ಹೋಗುವ ಕಬ್ಬಿಗಾದರೂ ಕೇಂದ್ರ ಸರ್ಕಾರ ವರ್ಷವರ್ಷ ಒಂದು ಬೆಲೆ ಕಟ್ಟುತ್ತದೆ. 2025-26ರ ಹಂಗಾಮಿಗೆ ಶೇಕಡ 10.25ರ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಆ ಬೆಲೆ ಸಾಲದೆಂಬುದು ಬೇರೆ ಮಾತು. ಬೆಲ್ಲಕ್ಕೆ ಅಂಥದ್ದೂ ಇಲ್ಲ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವನ್ನು ಹಚ್ಚಿದರು, ಫಲಕ ಬರೆಸಿದರು. ದ್ರಾಕ್ಷಿರಸದ ಮೇಲೆ ಸರ್ಕಾರಕ್ಕೆ ಮಮತೆ ಬಂದು 2007ರಲ್ಲಿ ವೈನ್ ನೀತಿಯೇ ಆಯಿತು, ವೈನ್ ಮಂಡಳಿಯೇ ಆಯಿತು. ಸಂತೋಷ, ದ್ರಾಕ್ಷಿ ಬೆಳೆಗಾರರೂ ರೈತರೇ. ಆದರೆ ಒಂದು ಮಾತು ಕೇಳುತ್ತೇನೆ: ಕಪ್ಪು ದ್ರಾಕ್ಷಿಯ ವೈನು ಕೆಂಪಗಿದೆ, ಅದನ್ನು ಬಿಳುಪು ಮಾಡಿ ತನ್ನಿ ಎಂದು ಯಾರಾದರೂ ಹೇಳುತ್ತಾರೆಯೆ? ಅಲ್ಲಿ ಬಣ್ಣ ಹಿರಿಮೆ, ಊರಿನ ಗುರುತು. ನಮ್ಮ ಬೆಲ್ಲಕ್ಕೆ ಮಾತ್ರ ಅದೇ ಕಳಂಕ.

ಕಣ್ಣನ್ನು ತಿದ್ದಲಾಗದು ಎನ್ನುವವರು ಕಿರುಗಾವಲಿಗೇ ಬರಲಿ. ಇಲ್ಲಿನ ಸೈಯದ್ ಘನಿ ಖಾನ್ ಅವರು ನೂರಾರು ಬಗೆಯ ಭತ್ತದ ತಳಿಗಳನ್ನು, ಮನೆತನದ ಹಳೆಯ ಮಾವಿನ ತೋಪನ್ನು ಕಾಪಾಡಿಕೊಂಡು ಬಂದಿದ್ದಾರೆ. ಮಲ್ಲಿಗೆಯಂಥ ಅನ್ನವೇ ಅನ್ನ ಎಂದು ಕೆಂಪಕ್ಕಿಯನ್ನು ಬಡವರ ಅಕ್ಕಿ ಎಂದು ತಳ್ಳಿದ ಜನರ ಮಕ್ಕಳೇ ಇಂದು ಕೆಂಪಕ್ಕಿ, ಕಪ್ಪಕ್ಕಿ ಹುಡುಕಿಕೊಂಡು ಹೆಚ್ಚು ದುಡ್ಡು ಕೊಡುತ್ತಾರೆ. ಅಕ್ಕಿಯಲ್ಲಿ ಬದಲಾದ ಕಣ್ಣು ಬೆಲ್ಲದಲ್ಲಿ ಯಾಕೆ ಬದಲಾಗದು?

ನಾನು ಕೇಳುವುದು ದೊಡ್ಡದೇನಲ್ಲ. ಮಂಡಿಯಲ್ಲಿ ಬೆಲ್ಲವನ್ನು ಬಣ್ಣದಿಂದಲ್ಲ, ಸಿಹಿ, ತೇವ, ಕರಗದೆ ಉಳಿಯುವ ಕಸ ನೋಡಿ ವಿಂಗಡಿಸಲಿ. ಪುಡಿ ಹಾಕದ ಬೆಲ್ಲಕ್ಕೆ ಬೇರೆ ಅಟ್ಟಿ, ಬೇರೆ ಹರಾಜು ಇರಲಿ. ಅಂಗನವಾಡಿಗೆ, ಶಾಲೆಗೆ ಬೆಲ್ಲ ಕೊಳ್ಳುವಾಗ ಸರ್ಕಾರ ಇಂಥ ಬೆಲ್ಲವನ್ನೇ ನ್ಯಾಯವಾದ ಬೆಲೆಗೆ ಕೊಳ್ಳಲಿ. ಮಾದರಿ ಒಯ್ಯುವವರು ಆಲೆಮನೆಯಲ್ಲಿ ನಿಲ್ಲದೆ ಪುಡಿ ಮಾರುವವರ ಬಾಗಿಲಿಗೂ, ಸಕ್ಕರೆ ಚೀಲ ಇಳಿಸುವ ಲಾರಿಯ ಬಳಿಗೂ ಹೋಗಲಿ. ಇದೆಲ್ಲ ಆಗುವವರೆಗೆ, ಅಂಗಡಿಯಲ್ಲಿ ನಿಂತಾಗ ನಾವು ಒಂದು ಮಾತು ಬದಲಿಸೋಣ: "ಕಂದು ಬೆಲ್ಲ ಇದೆಯೇನಪ್ಪ?" ಹತ್ತು ಜನ ಕೇಳಿದರೆ ಅಂಗಡಿಯವನು ತರಿಸುತ್ತಾನೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ತಮ್ಮನ ಹೆಂಡತಿ ಪಾಯಸ ಬಡಿಸಿದಳು. ಬಣ್ಣ ನೋಡಿ, "ಇದಕ್ಕೆ ಯಾವ ಬೆಲ್ಲ?" ಎಂದೆ.

"ಇದು ಮನೆದು ಅತ್ಗೆ. ಇದ್ಕೆ ಪುಡಿ ಹಾಕಿಲ್ಲ," ಎಂದಳು. "ಹಂಗಾಮಿನ ಮೊದಲ್ನೆ ಕೊಪ್ಪರಿಗೆ ದೇವ್ರಿಗೆ, ಮನೆಗೆ. ಅದ್ಕೆ ಯಾವತ್ತೂ ಹಾಕಲ್ಲ."

ತಮ್ಮ ತಲೆ ಎತ್ತಲಿಲ್ಲ. ದೇವರಿಗೆ ಕೊಡಲು ಅಂಜುವುದನ್ನು, ತನ್ನ ಮಕ್ಕಳಿಗೆ ತಿನ್ನಿಸದೆ ಇರುವುದನ್ನು, ಅವನು ಊರ ಮಕ್ಕಳಿಗೆ ಮಾರುತ್ತಿದ್ದಾನೆ. ಅದು ಅವನಿಗೆ ಗೊತ್ತು, ಆ ಗೊತ್ತಿರುವುದೇ ಅವನನ್ನು ಒಳಗೊಳಗೆ ತಿನ್ನುತ್ತಿದೆ. ಅವನನ್ನು ಆ ಸ್ಥಿತಿಗೆ ತಂದ ನಾವು ಮಾತ್ರ ನೆಮ್ಮದಿಯಾಗಿ ಹೋಳಿಗೆ ತಿನ್ನುತ್ತಿದ್ದೇವೆ.

ಎರಡನೆಯ ಕೊಪ್ಪರಿಗೆಯನ್ನೂ ಹಾಗೇ ಕಾಯಿಸು, ಅಷ್ಟನ್ನೂ ನಾನು ಮಾರಿಕೊಡುತ್ತೇನೆ ಎಂದೆ. ಕಾಯಿಸಿದ. ನಮ್ಮ ಶಾಲೆಯ ಟೀಚರುಗಳು, ಅವರ ನೆಂಟರು, ಬಸ್ಸಿನಲ್ಲಿ ಜೊತೆಗೆ ಬರುವ ನರ್ಸಮ್ಮ, ಹೀಗೆ ಮಂಡಿಯ ಒಳ್ಳೆ ಬೆಲೆಗೇ ಕೊಟ್ಟೆವು. ಮೂರನೆಯದಕ್ಕೆ ಗಿರಾಕಿ ಸಾಲಲಿಲ್ಲ. ಡಬ್ಬ ಮತ್ತೆ ಹೊರಗೆ ಬಂತು. ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ.

ಈ ಸಂಕ್ರಾಂತಿಗೆ ನನ್ನ ಎಳ್ಳಿನ ತಟ್ಟೆಯಲ್ಲಿ ಕಂದು ಬೆಲ್ಲವೇ ಇರುತ್ತದೆ. ಏನ್ರೀ ಮೇಡಂ, ಬೆಲ್ಲ ಕಪ್ಪಗಿದೆ ಎಂದು ಕೇಳುವವರು ಕೇಳಲಿ. ಅವರನ್ನು ಕೂರಿಸಿ, ಇಷ್ಟನ್ನೂ ಹೇಳಿಯೇ ಕಳಿಸುವುದೆಂದು ತೀರ್ಮಾನಿಸಿದ್ದೇನೆ. ಮೂರನೆಯ ಕೊಪ್ಪರಿಗೆಗೆ ಗಿರಾಕಿ ಬೇಕಾಗಿದ್ದಾರೆ.